ಒಂದು ಪೆನ್ನಿಗೆ ಇಷ್ಟೊಂದಾ ಅಂದುಬಿಟ್ಟರಲ್ಲ!

ಆ ಹತ್ತು ರೂಪಾಯಿ ನೋಟು ಇನ್ನೂ ನನ್ನ ಅಂಗಿ ಜೇಬಿನಲ್ಲೇ ಇದೆ. ಮುಟ್ಟಲು ಮನಸ್ಸಾಗುತ್ತಿಲ್ಲ.

ಬ್ಯಾಂಕಿನ ಮೇಜಿಗೆ ದಾರ ಕಟ್ಟಿದ ಪೆನ್ ಇತ್ತು. ಬರೆಯುತ್ತಿರಲಿಲ್ಲ. ಅದು ಯಾವತ್ತು ಬರೆದಿದೆ ಹೇಳಿ? ಪಕ್ಕದಲ್ಲಿದ್ದವರು "ಪೆನ್ ಕೊಡಿ ಸಾರ್, ಒಂದು ಸಹಿ ಅಷ್ಟೇ" ಅಂದರು. ಕೊಟ್ಟೆ. ಅಷ್ಟರಲ್ಲಿ ನನ್ನ ಟೋಕನ್ ಬಂತು. ಕೆಲಸ ಮುಗಿಸಿ ಬಂದು ನೋಡಿದರೆ ಅವರ ಕೈ ಖಾಲಿ.

"ನನ್ನ ಪೆನ್?" ಅಂದೆ.

"ಓ, ಅದಾ? ಯಾರೋ ಕೇಳಿದ್ರು, ಕೊಟ್ಟೆ."

"ಯಾರಿಗೆ ಸಾರ್?"

"ಹೆಸರು ಕೇಳ್ಕೊಂಡು ಕೊಡ್ತಾರೇನ್ರೀ? ಕರೀ ಪ್ಲಾಸ್ಟಿಕ್ ಪೆನ್ನು ತಾನೇ. ಒಂದು ಪೆನ್ನಿಗೆ ಇಷ್ಟೊಂದಾ?"

ಆಮೇಲೆ ಮಾಡಿದ್ದೇ ನನಗೆ ಮರೆಯಲು ಆಗುತ್ತಿಲ್ಲ. ಪರ್ಸ್ ತೆಗೆದರು. ನೋಟುಗಳ ನಡುವೆ ಹುಡುಕಿ, ಇದ್ದುದರಲ್ಲಿ ಹಳೆಯ ಹತ್ತು ರೂಪಾಯಿಯನ್ನೇ ಆರಿಸಿದರು. ಎರಡು ಮಡಿಕೆ ಮಾಡಿ ನನ್ನ ಜೇಬಿಗೆ ತುರುಕಿ, ಮೇಲೆ ಎರಡು ಸಲ ತಟ್ಟಿದರು. ಚಿಕ್ಕ ಮಕ್ಕಳಿಗೆ ಮಿಠಾಯಿಗೆ ಕಾಸು ಕೊಟ್ಟ ಹಾಗೆ. ಸಾಲಿನಲ್ಲಿದ್ದವರು ನಕ್ಕರು. ಕೌಂಟರಿನಲ್ಲಿದ್ದ ಮೇಡಂ ಕೂಡ "ಬಿಡಿ ಸಾರ್" ಅಂದರು. ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ಅದು ಲ್ಯಾಮಿ ಅನ್ನೋ ಜರ್ಮನ್ ಕಂಪನಿಯ 'ಲ್ಯಾಮಿ 2000' ಪೆನ್. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಓದುವಾಗ ಪಾರ್ಟ್‌ಟೈಮ್ ಕೆಲಸದ ದುಡ್ಡು ಕೂಡಿಟ್ಟು, ಅದು ತಯಾರಾಗುವ ಊರಿನಲ್ಲೇ ಕೊಂಡಿದ್ದು. ಬ್ರೌನ್ ಕಂಪನಿಗೆ ಅಡುಗೆಮನೆ ಮೆಷಿನ್ ವಿನ್ಯಾಸ ಮಾಡಿದ್ದ ಗೆರ್ಡ್ ಮ್ಯುಲ್ಲರ್ ಈ ಸರಣಿಗೆ ರೂಪ ಕೊಟ್ಟವರು. 1966ರಲ್ಲಿ ಮೊದಲು ಇಂಕ್ ಪೆನ್ ಬಂತು; ನನ್ನದು ಅದೇ ಸರಣಿಯ ರೀಫಿಲ್ ಪೆನ್. ಬೌಹೌಸ್ ಅನ್ನೋ ಜರ್ಮನ್ ವಿನ್ಯಾಸ ಶಾಲೆಯವರ ದಾರಿ ಅದು: ಕೆಲಸಕ್ಕೆ ಬೇಕಾದ್ದು ಮಾತ್ರ ಇರಬೇಕು. ಹೊಳಪಿಲ್ಲ, ಚಿನ್ನದ ಬಣ್ಣವಿಲ್ಲ. ಕಂಪನಿ ಹೆಸರು ಕೂಡ ಕ್ಲಿಪ್ಪಿನ ಬದಿಯ ಮೇಲೆ ಇದ್ದೂ ಇಲ್ಲದ ಹಾಗೆ. ಮೈ ಮ್ಯಾಕ್ರೊಲಾನ್, ಅಂದರೆ ಗಾಜಿನ ಎಳೆ ಸೇರಿಸಿದ ಗಟ್ಟಿ ಪ್ಲಾಸ್ಟಿಕ್. ಎರಡು ಸಾಲು ಬರೆಯುವಷ್ಟರಲ್ಲಿ ಕೈಯ ಬಿಸಿ ಅದಕ್ಕೂ ಬರುತ್ತದೆ.

ಹೌದು, ಪ್ಲಾಸ್ಟಿಕ್ಕೇ! ಅವರು ಹೇಳಿದ್ದು ಸುಳ್ಳಲ್ಲ. ಸರಿ, ಹೋಗಲಿ ಬಿಡಿ, ಪಾಪ, ಅವರಿಗೇನು ಗೊತ್ತು? ತೋರಿಸಿಕೊಳ್ಳದೇ ಇರಲಿ ಅಂತಲೇ ಮಾಡಿದ ಪೆನ್ ಅದು.

ಇಲ್ಲ, ಸುಮ್ನೆ ಬಿಡೋದು ಹೇಗೆ? ಅದು ಎರಡು ರೂಪಾಯಿ ಪೆನ್ನೇ ಆಗಿದ್ದರೂ ನನ್ನದು ಅಲ್ವಾ? ಕೇಳಿ ತಗೊಂಡಿದ್ದನ್ನು ಕೇಳದೇ ಇನ್ನೊಬ್ಬರಿಗೆ ಕೊಡೋದು ಯಾವ ನ್ಯಾಯ? ತಪ್ಪು ಅವರದು, ತಲೆ ತಗ್ಗಿಸಿ ಹೊರಗೆ ಬಂದಿದ್ದು ನಾನು. ಯಾಕೆ? ಯಾರಾದರೂ ಹೇಳಿ. ಆ ಸಾಲಿನಲ್ಲಿ ನಕ್ಕವರಲ್ಲೇ ಒಬ್ಬರು ಹೇಳಿದರೂ ಸಾಕು.

ಇವತ್ತು ಹನ್ನೊಂದು ಗಂಟೆ ಹೊತ್ತಿಗೆ ಬ್ಯಾಂಕಿನಲ್ಲಿ ಯಾರಿಂದಲೋ ಕಪ್ಪು ಪೆನ್ ಇಸ್ಕೊಂಡವರು ಒಂದು ಸಲ ಜೇಬು ನೋಡಿಕೊಳ್ಳಿ. ಸ್ಟೀಲ್ ಕ್ಲಿಪ್, ಒತ್ತಿದರೆ ಸ್ಪ್ರಿಂಗ್ ಹಾಗೆ ಏಳುತ್ತದೆ. ಹಿಡಿಯುವ ಜಾಗ ಸವೆದು ಸ್ವಲ್ಪ ನುಣುಪಾಗಿದೆ. ಹೋದ ವಾರವಷ್ಟೇ ಹೊಸ ರೀಫಿಲ್ ಹಾಕಿದ್ದೆ. ನಾಳೆ ಬ್ಯಾಂಕಿನ ಬಾಗಿಲು ತೆಗೆಯುವಾಗ ನಾನು ಅಲ್ಲೇ ನಿಂತಿರುತ್ತೇನೆ. ಈ ಹತ್ತು ರೂಪಾಯಿಯನ್ನೂ ತರುತ್ತೇನೆ.