ಹತ್ತು ಮೊಟ್ಟೆಯ ಲೆಕ್ಕ

ನಿನ್ನೆ ಸಂಜೆ ಗೆಳೆಯರ ಫಿಲ್ಮ್ ಕ್ಲಬ್ಬಿನಲ್ಲಿ ಚೀನಾದ ‘ರಿಟರ್ನ್ ಟು ಡಸ್ಟ್’ ಹಾಕಿದ್ದರು. ನನಗೆ ಇದು ಮೂರನೇ ಸಲ. ಸಿನಿಮಾ ಮುಗಿಯಿತು, ಲೈಟ್ ಹಾಕಿದರು, ಟೀ ಬಂತು. ಗರಿಗರಿ ಇಸ್ತ್ರಿ ಜುಬ್ಬಾದ ಹಿರಿಯರೊಬ್ಬರು ಕಣ್ಣು ಮುಚ್ಚಿಕೊಂಡು, ‘ಏನ್ ಫ್ರೇಮ್‌ಗಳು ರೀ! ಒಂದೊಂದೂ ಪೇಂಟಿಂಗು. ಬಡತನದಲ್ಲೂ ಎಂಥ ನೆಮ್ಮದಿ ನೋಡಿ, ನಾವು ಕಳ್ಕೊಂಡಿರೋದೇ ಇದನ್ನ’ ಅಂದರು. ಸುತ್ತ ಇದ್ದವರೆಲ್ಲ ತಲೆ ಆಡಿಸಿದರು. ನನ್ನ ಟೀ ಆರಿಹೋಯಿತು.

ನೆಮ್ಮದಿಯಂತೆ!

ಅಲ್ಲೇ ಜಗಳ ಆಡಬಹುದಿತ್ತು. ಆಡಲಿಲ್ಲ. ಮನೆಗೆ ಬಂದು ಇಲ್ಲಿ ಆಡುತ್ತಿದ್ದೇನೆ. ನನ್ನ ಸ್ವಭಾವ ನಿಮಗೆ ಹೊಸದಲ್ಲವಲ್ಲ.

ಬಡ ರೈತ ದಂಪತಿಯ ಕಥೆಯಾದ ಈ ಸಿನಿಮಾದಲ್ಲಿ ಗೋಧಿ ಕಾಳುಗಳನ್ನು ಹೂವಿನ ಹಾಗೆ ಜೋಡಿಸಿ, ಗಂಡ ಹೆಂಡತಿಯ ಕೈಮೇಲೆ ಒತ್ತಿ ಅಚ್ಚು ಮೂಡಿಸುವ ದೃಶ್ಯ ಇದೆ. ಎಲ್ಲರ ಫೇಸ್‌ಬುಕ್ ವಾಲ್ ಮೇಲೂ ಅದೇ ಫೋಟೋ. ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಅದೇ ಸಿನಿಮಾದಲ್ಲಿ ಊರಿನ ದೊಡ್ಡ ಕುಳವೊಬ್ಬ ಜನರಿಗೆ ದುಡ್ಡು ಬಾಕಿ ಇಟ್ಟುಕೊಂಡು ಆಸ್ಪತ್ರೆ ಸೇರಿರುತ್ತಾನೆ. ಅವನದು ಅಪರೂಪದ ರಕ್ತದ ಗುಂಪು. ಊರಲ್ಲಿ ಆ ರಕ್ತ ಇರುವುದು ಆ ಗಂಡನಿಗೆ, ಬಡಪಾಯಿ ಯೂಟಿಯೆಗೆ ಮಾತ್ರ. ಆ ಕುಳ ಸತ್ತರೆ ನಮ್ಮ ಬಾಕಿ ಮುಳುಗಿತು ಅಂತ ಊರವರೇ ಇವನನ್ನು ರಕ್ತ ಕೊಡಲು ತಳ್ಳುತ್ತಾರೆ. ಸಾಹುಕಾರ ಬಡವನ ರಕ್ತ ಹೀರುತ್ತಾನೆ ಅಂತ ನಾವು ಮಾತಿಗೆ ಹೇಳುತ್ತೇವಲ್ಲ? ಇಲ್ಲಿ ಸೂಜಿ ಚುಚ್ಚಿಯೇ ತೋರಿಸುತ್ತಾರೆ. ಅದರ ಫೋಟೋ ಮಾತ್ರ ಯಾರ ವಾಲ್ ಮೇಲೂ ಇಲ್ಲ.

ಇನ್ನು ಮೊಟ್ಟೆ. (ಸಿನಿಮಾ ನೋಡದವರು ಈ ಪ್ಯಾರಾ ಬಿಟ್ಟು ಓದಿ.) ಗಂಡ ಹೆಂಡತಿ ಪಕ್ಕದವರಿಂದ ಹತ್ತು ಮೊಟ್ಟೆ ಸಾಲ ತರುತ್ತಾರೆ. ರಟ್ಟಿನ ಡಬ್ಬಕ್ಕೆ ತೂತು ಕೊರೆದು, ಒಳಗೆ ಬಲ್ಬು ಹಾಕಿ ಮರಿ ಮಾಡಿಸುತ್ತಾರೆ. ತೂತುಗಳಿಂದ ಬಂದ ಬೆಳಕು ಗೋಡೆ ತುಂಬ ಚುಕ್ಕಿ ಚುಕ್ಕಿ. ನಿನ್ನೆ ಅಲ್ಲಿ ಕೂತವರೆಲ್ಲ ‘ಆಹಾ’ ಅಂದರು. ಆದರೆ ಕೊನೆಯಲ್ಲಿ ಹೆಂಡತಿ ಸತ್ತಮೇಲೆ ಅವನು ಬೆಳೆ ಮಾರಿ, ಒಬ್ಬೊಬ್ಬರ ಬಾಕಿ ತೀರಿಸಿ, ಆ ಹತ್ತು ಮೊಟ್ಟೆಯನ್ನೂ ವಾಪಸ್ ಕೊಟ್ಟು ಬರುತ್ತಾನೆ. ಇನ್ನು ಈ ಲೋಕದ ಜೊತೆ ತನಗೆ ವ್ಯವಹಾರ ಇಲ್ಲ ಅನ್ನುವ ಹಾಗೆ. ಆಗ ಯಾರೂ ‘ಆಹಾ’ ಅನ್ನಲಿಲ್ಲ. ಗಮನಿಸಿದರೋ ಇಲ್ಲವೋ.

ನನ್ನ ತಕರಾರು ಇಷ್ಟೇ. ಚೀನಾದ ಇಂಥ ಸಿನಿಮಾಗಳು ಮೌನದ ಬಗ್ಗೆ ಅಲ್ಲ. ಲೆಕ್ಕದ ಬಗ್ಗೆ. ಯಾರು ಯಾರಿಗೆ ಎಷ್ಟು ಕೊಡಬೇಕು ಅನ್ನುವುದರ ಬಗ್ಗೆ. ನಾವು ಮಾತ್ರ ‘ಧ್ಯಾನಸ್ಥ’, ‘ಕಾವ್ಯಾತ್ಮಕ’ ಅಂತ ಹೂವು ಮುಡಿಸಿ ಕೂರಿಸುತ್ತೇವೆ.

ಚೀನಾದ ಇನ್ನೊಬ್ಬ ನಿರ್ದೇಶಕ ಜಾ ಝಾಂಗ್‌ಕೆ ಅವರ ‘ಸ್ಟಿಲ್ ಲೈಫ್’ ತಗೊಳ್ಳಿ. 2006ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಗೋಲ್ಡನ್ ಲಯನ್ ಪ್ರಶಸ್ತಿ ಗೆದ್ದ ಸಿನಿಮಾ. ತ್ರೀ ಗಾರ್ಜಸ್ ಅಣೆಕಟ್ಟಿನ ನೀರಿಗೆ ಮುಳುಗುತ್ತಿರುವ ಫೆಂಗ್‌ಜಿಯೆ ಊರಿಗೆ ಒಬ್ಬ ಕಲ್ಲಿದ್ದಲು ಗಣಿಯ ಕೂಲಿ ಬರುತ್ತಾನೆ, ಬಿಟ್ಟುಹೋದ ಹೆಂಡತಿಯನ್ನು ಹುಡುಕಿಕೊಂಡು. ಆ ಪಾತ್ರ ಮಾಡಿದವರು ನಿರ್ದೇಶಕರ ಸಂಬಂಧಿ, ಗಣಿಯಲ್ಲಿ ದುಡಿದವರೇ. ಹೆಂಡತಿ ಸಿಗುತ್ತಾಳೆ, ಆದರೆ ಅವಳ ಅಣ್ಣನ ಸಾಲಕ್ಕೆ ದೋಣಿ ಮಾಲೀಕನ ಹತ್ತಿರ ಸಿಕ್ಕಿಹಾಕಿಕೊಂಡಿದ್ದಾಳೆ. ಬಿಡಿಸಿಕೊಳ್ಳಲು 30,000 ಯುವಾನ್ ಬೇಕು. ಅದಕ್ಕಾಗಿ ಅವನು ಮತ್ತೆ ಗಣಿಗೆ ಹೊರಡುತ್ತಾನೆ. ಕೂಲಿ ಜಾಸ್ತಿ, ಆದರೆ ಬೆಳಿಗ್ಗೆ ಇಳಿದವರು ಸಂಜೆ ಮೇಲೆ ಬರುವ ಗ್ಯಾರಂಟಿ ಇಲ್ಲ. ಮುಳುಗುವ ಊರಿನ ಕಟ್ಟಡ ಒಡೆಯುವ ಕೂಲಿಗಳು ಅದನ್ನೂ ಕೇಳಿಸಿಕೊಂಡು ಅವನ ಜೊತೆ ಹೊರಡುತ್ತಾರೆ. ಇದೇ ಸಿನಿಮಾದಲ್ಲಿ ಅವನು ಹತ್ತು ಯುವಾನ್ ನೋಟು ಹಿಡಿದು, ಹಿಂಬದಿಯ ನದಿ ಕಣಿವೆಯ ಚಿತ್ರವನ್ನೂ ಎದುರಿಗಿರುವ ನಿಜವಾದ ಕಣಿವೆಯನ್ನೂ ಹೋಲಿಸಿ ನೋಡುತ್ತಾನೆ. ನಾವು ನಿಸರ್ಗ ನೋಡುತ್ತೇವೆ. ಅವನ ಕೈಯಲ್ಲಿರುವುದು ನೋಟು ಸ್ವಾಮಿ, ನೋಟು.

ಅದೇ ನಿರ್ದೇಶಕರ ‘ದಿ ವರ್ಲ್ಡ್’ನಲ್ಲಿ, ಹಳ್ಳಿಯಿಂದ ಬೀಜಿಂಗ್‌ಗೆ ಬಂದ ಕಟ್ಟಡ ಕೆಲಸದ ಹುಡುಗ ಸಾಯುವ ಮುಂಚೆ ಒಂದು ಚೀಟಿ ಬರೆದು ಕೊಡುತ್ತಾನೆ. ಸಿಗರೇಟ್ ಪ್ಯಾಕಿನ ಕಾಗದದ ಮೇಲೆ. ಪ್ರೇಮಪತ್ರ ಅಲ್ಲ. ಯಾರಿಗೆ ಎಷ್ಟು ಸಾಲ ಕೊಡಬೇಕು ಅನ್ನುವ ಪಟ್ಟಿ. ಎಲ್ಲ ಚಿಲ್ಲರೆ ಮೊತ್ತ.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ‘ಸ್ಟಿಲ್ ಲೈಫ್’ ಮೊದಲ ಸಲ ನೋಡಿದಾಗ ‘ನಿಶ್ಶಬ್ದದ ಕಾವ್ಯ’ ಅಂತ ಬರೆದವನು ನಾನೇ. ಎಲ್ಲೋ ಪ್ರಿಂಟೂ ಆಗಿದೆ. ದಯವಿಟ್ಟು ಹುಡುಕಬೇಡಿ.

ಹಾಗೆ ಬರೆದವನು ಯಾರ ಮಗ? ದಾವಣಗೆರೆಯಲ್ಲಿ ಪೀಸ್ ಲೆಕ್ಕಕ್ಕೆ ಹೊಲಿಯುತ್ತಿದ್ದ ಟೈಲರ್ ಮಗ. ಅಪ್ಪನ ಹತ್ತಿರ ಒಂದು ಪಾಕೆಟ್ ಡೈರಿ ಇರುತ್ತಿತ್ತು. ಪ್ಯಾಂಟ್ ಎಷ್ಟು, ಶರ್ಟ್ ಎಷ್ಟು, ಅಡ್ವಾನ್ಸ್ ಎಷ್ಟು ಮುರಿದರು. ಶನಿವಾರ ಬಟವಾಡೆ. ಮಾಲೀಕರ ಪುಸ್ತಕಕ್ಕೂ ಅಪ್ಪನ ಡೈರಿಗೂ ಯಾವತ್ತೂ ತಾಳೆ ಆಗುತ್ತಿರಲಿಲ್ಲ, ಮತ್ತು ಯಾವತ್ತೂ ಮಾಲೀಕರ ಪುಸ್ತಕವೇ ಸರಿ. ಕಾಲೇಜಿನ ಅರ್ಜಿಯಲ್ಲಿ ತಂದೆಯ ಉದ್ಯೋಗ ಅನ್ನುವ ಕಡೆ ನಾನು ‘ಬಟ್ಟೆ ವ್ಯಾಪಾರ’ ಅಂತ ಬರೆದೆ. ಅಪ್ಪ ಅದರ ಕೆಳಗೆ ಸಹಿ ಹಾಕಿದ. ಓದಿಯೇ ಹಾಕಿದ.

ವಾಂಗ್ ಬಿಂಗ್ ಅವರ ‘ಯೂತ್’ ಅನ್ನುವ ಸಾಕ್ಷ್ಯಚಿತ್ರಗಳನ್ನು ನೋಡುವಾಗ ಆ ಡೈರಿ ನೆನಪಾಗಿ ನನಗೆ ಕೂರಲಾಗಲಿಲ್ಲ. ಝೆಜಿಯಾಂಗ್ ಪ್ರಾಂತ್ಯದ ಝಿಲಿ ಅನ್ನುವ ಊರು. ಸಣ್ಣ ಸಣ್ಣ ವರ್ಕ್‌ಶಾಪುಗಳು, ಮಕ್ಕಳ ಬಟ್ಟೆ ಹೊಲಿಯುವ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು. ಬಹಳಷ್ಟು ಜನ ಬೇರೆ ಪ್ರಾಂತ್ಯದ ಹಳ್ಳಿಗಳಿಂದ ಬಂದವರು. ಕೆಲಸ ಇಲ್ಲಿ, ಊರಿನ ನೋಂದಣಿ ಅಲ್ಲಿ. ‘ಹುಕೋ’ ಅನ್ನುತ್ತಾರೆ ಆ ನೋಂದಣಿಗೆ, ಸರ್ಕಾರದ ಸವಲತ್ತುಗಳೆಲ್ಲ ಅದಕ್ಕೇ ಅಂಟಿಕೊಂಡಿರುತ್ತವೆ. ಚೀನಾದಲ್ಲಿ ವರ್ಗ ಅಂದರೆ ಬರೀ ದುಡ್ಡಲ್ಲ, ಈ ಕಾಗದವೂ ಹೌದು. 2023ರಲ್ಲಿ ಬಂದ ಮೊದಲ ಭಾಗವೇ ಮೂರೂವರೆ ಗಂಟೆ. ಅದರಲ್ಲಿ ಪದೇ ಪದೇ ಬರುವುದು ಒಂದೇ: ಪೀಸಿಗೆ ಇನ್ನೊಂಚೂರು ಜಾಸ್ತಿ ಕೊಡಿ ಅಂತ ಹುಡುಗರು ಮಾಲೀಕನ ಹತ್ತಿರ ಚೌಕಾಸಿ ಮಾಡುವುದು. ಎರಡನೇ ಭಾಗದಲ್ಲಿ ಒಬ್ಬ ಹುಡುಗ ತನ್ನ ಕೂಲಿ ಲೆಕ್ಕದ ಪುಸ್ತಕ ಕಳೆದುಕೊಳ್ಳುತ್ತಾನೆ. ಪುಸ್ತಕ ಇಲ್ಲ, ದುಡ್ಡಿಲ್ಲ ಅನ್ನುತ್ತಾನೆ ಮಾಲೀಕ. ಮುಗೀತು. ಇದನ್ನು ‘ಸ್ಲೋ ಸಿನಿಮಾ’ ಅನ್ನುತ್ತಾರೆ. ಸೀಸನ್ ಪೂರ್ತಿ ದುಡಿದ ದುಡ್ಡು ಹೋಗುವುದನ್ನು ಎಷ್ಟು ಸ್ಪೀಡಾಗಿ ತೋರಿಸಬೇಕಿತ್ತು?

‘ಇವರೆಲ್ಲ ಹೊರದೇಶದ ಫೆಸ್ಟಿವಲ್ಲಿಗೆ ಬಡತನ ಮಾರುವವರು’ ಅನ್ನುವ ಮಾತೂ ಇದೆ. ಚೀನಾದಲ್ಲೇ ಹೇಳುವವರಿದ್ದಾರೆ. ಸ್ವಲ್ಪ ನಿಜ ಇರಬಹುದು, ಝಿಲಿಯ ಹುಡುಗರು ಕಾನ್ ಚಿತ್ರೋತ್ಸವಕ್ಕೆ ಹೋಗಿ ಕೂರುವುದಿಲ್ಲ. ಆದರೆ ‘ರಿಟರ್ನ್ ಟು ಡಸ್ಟ್’ ಕಥೆ ಏನಾಯಿತು? ಅದರ ನಿರ್ದೇಶಕ ಲಿ ರೂಯಿಜುನ್ ತಮ್ಮದೇ ಊರಿನ ಕಡೆ, ಗಾನ್ಸು ಪ್ರಾಂತ್ಯದಲ್ಲಿ, ರೈತನಾಗಿರುವ ತಮ್ಮ ಬಂಧುವನ್ನೇ ನಾಯಕ ಮಾಡಿ ತೆಗೆದ ಸಿನಿಮಾ. 2022ರ ಜುಲೈನಲ್ಲಿ ಚೀನಾದ ಥಿಯೇಟರುಗಳಿಗೆ ಬಂದು, ಬಾಯಿಂದ ಬಾಯಿಗೆ ಹಬ್ಬಿ, ಹತ್ತು ಕೋಟಿ ಯುವಾನ್ ದಾಟಿತು. ಅಲ್ಲಿಯ ಜನರೇ ಟಿಕೆಟ್ ತಗೊಂಡು ನೋಡಿದರು. ಸೆಪ್ಟೆಂಬರ್ ಕೊನೆಗೆ ಅಲ್ಲಿಯ ಸ್ಟ್ರೀಮಿಂಗ್ ತಾಣಗಳಿಂದ ಸಿನಿಮಾ ಮಾಯ. ಬರೀ ಪೇಂಟಿಂಗ್ ಆಗಿದ್ದರೆ ಯಾರು ತೆಗೀತಿದ್ದರು?

ರಾತ್ರಿ ಸಿಟ್ಟು ಇಳಿಯದೆ ‘ಯೂತ್’ ಮತ್ತೆ ಹಾಕಿಕೊಂಡು ಕೂತಿದ್ದೆ. ಅಪ್ಪನಿಗೆ ಈಗ ಎಪ್ಪತ್ತಾರು. ನಿದ್ದೆ ಬರಲಿಲ್ಲ ಅಂತ ಬಂದು ಪಕ್ಕದಲ್ಲಿ ಕೂತ. ತುಂಬಾ ಹೊತ್ತು ಮಾತಿಲ್ಲ. ಒಬ್ಬ ಹುಡುಗ ಪಟಪಟ ಅಂತ ಮೆಷಿನ್ ಓಡಿಸುತ್ತಿದ್ದ.

‘ಕೈ ಚುರುಕೈತೆ ಹುಡುಗುಂದು. ಪೀಸಿಗೆ ಎಷ್ಟಂತೆ?’

ಸಬ್‌ಟೈಟಲ್ ನೋಡಿ ರೂಪಾಯಿ ಲೆಕ್ಕ ಹಾಕಿ ಹೇಳಿದೆ.

‘ದಾರ ಅವರದೋ, ಇವನದೋ?’

ಗೊತ್ತಿಲ್ಲ ಅಪ್ಪ, ಅದನ್ನ ಹೇಳಿಲ್ಲ ಅಂದೆ.

‘ಅದನ್ನ ಕೇಳ್ಬೇಕಲ್ಲೋ ಮೊದ್ಲು’ ಅಂತ ಎದ್ದು ಹೋಗಿ ಮಲಗಿದ.