ಸತ್ಯಾಂಶ: ಹೆಡ್‌ಫೋನ್‌ನಲ್ಲಿ ಮಿಕ್ಸ್ ಮಾಡಿದರೆ ಹಾಡು ಹಾಳಾಗುತ್ತಾ?

"ಹೆಡ್‌ಫೋನ್‌ನಲ್ಲಿ ಮಿಕ್ಸ್ ಮಾಡಲೇಬೇಡಿ, ಮೊದಲು ಸ್ಟುಡಿಯೋ ಮಾನಿಟರ್ ಕೊಳ್ಳಿ" ಅಂತ ಒಂದು ಮೆಸೇಜ್ ಓಡಾಡುತ್ತಿದೆ. (ಮಿಕ್ಸ್ ಅಂದರೆ ರೆಕಾರ್ಡ್ ಮಾಡಿದ ದನಿ, ವಾದ್ಯಗಳನ್ನೆಲ್ಲ ಹದವಾಗಿ ಬೆರೆಸುವುದು; ಸ್ಟುಡಿಯೋ ಮಾನಿಟರ್ ಅಂದರೆ ಅದಕ್ಕೆ ಬಳಸುವ ಸ್ಪೀಕರ್.) ಇದು ಪೂರ್ತಿ ನಿಜ ಅಲ್ಲ.

ನಿಮ್ಮದು 10 ಅಡಿ ಉದ್ದ, 10 ಅಡಿ ಅಗಲದ ರೂಮ್ ಅಂದುಕೊಳ್ಳಿ. ಅಲ್ಲಿ ಸ್ಪೀಕರ್ ಹಾಕಿದರೆ ಸುಮಾರು 56 ಹರ್ಟ್ಸ್‌ನ ಬೇಸ್ (ತಗ್ಗು ದನಿ) ಎದುರುಬದುರು ಗೋಡೆಗಳ ಮಧ್ಯೆ ಸಿಕ್ಕಿಕೊಂಡು, ಗೋಡೆ ಪಕ್ಕ ಗುಂಯ್ ಅನ್ನುತ್ತದೆ, ರೂಮಿನ ನಡುವೆ ಕೂತರೆ ತೀರಾ ಸಣ್ಣಗೆ ಕೇಳಿಸುತ್ತದೆ. ಬೇಸ್ ಕಮ್ಮಿ ಆಯ್ತು ಅಂತ ನೀವು ಏರಿಸುತ್ತೀರಿ. ಆಮೇಲೆ ಕಾರಿನಲ್ಲಿ ಹಾಕಿದರೆ ಬರೀ ಗುಡುಗು! ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೂ ಇದು ಹೋಗಲ್ಲ.

ಇಂಥ ರೂಮಿಗೆ ಒಳ್ಳೆ ಓಪನ್‌ಬ್ಯಾಕ್ (ಹಿಂಬದಿ ತೆರೆದಿರುವ) ಹೆಡ್‌ಫೋನೇ ವಾಸಿ. ಆದರೆ ಅದರಲ್ಲಿ ಎಡ ಚಾನೆಲ್ ಎಡಗಿವಿಗೆ ಮಾತ್ರ ಹೋಗುವುದರಿಂದ ಪ್ಯಾನಿಂಗ್ (ದನಿಗಳನ್ನು ಎಡ-ಬಲಕ್ಕೆ ಹಂಚುವುದು) ಜಾಸ್ತಿ ಅಗಲವಾಗಿ ಕೇಳುತ್ತದೆ, ಹಾಗಾಗಿ ಮುಗಿಸುವ ಮೊದಲು ಯಾವುದಾದರೂ ಚಿಕ್ಕ ಸ್ಪೀಕರ್‌ನಲ್ಲೂ ಒಮ್ಮೆ ಕೇಳಿ.