ಡಾಟ್ ಡಾಟ್ ಸ್ಲ್ಯಾಶ್ ಪುರಾಣ

ಫೈಲ್ ಅಲ್ಲೇ ಇದೆ. ಕಣ್ಣಾರೆ ನೋಡುತ್ತಿದ್ದೇನೆ. ಹೆಸರು ಸರಿ ಇದೆ, ಫೋಲ್ಡರ್ ಸರಿ ಇದೆ, ತೆರೆದರೆ ಒಳಗೆ ಕೋಡ್ ಕೂಡ ಇದೆ. ಆದರೂ ವೆಬ್ ಪುಟ ಕಟ್ಟುವ ಭಾಷೆ ಪಿಎಚ್‌ಪಿ ಮಾತ್ರ 'ಫೇಲ್ಡ್ ಟು ಓಪನ್ ಸ್ಟ್ರೀಮ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ', ಅಂಥ ಫೈಲೇ ಇಲ್ಲ, ಅಂತ ತಪ್ಪುಗಳ ದಾಖಲೆಯಾದ ಲಾಗ್ ತುಂಬಾ ಬರೆದುಕೊಂಡು ಕೂತಿದೆ. ಈ ಸಾಲನ್ನು ಓದದೆ ಮಲಗಿದ ದಿನ ನಿಮಗೂ ಕಡಿಮೆಯೇ ಇರಬೇಕು, ಅಲ್ವಾ?

ಲಾಗ್ ನೋಡಬೇಕು ಅಂತ ಅನ್ನಿಸುವ ಹೊತ್ತಿಗೇ ಅರ್ಧ ಜೀವ ಹೋಗಿರುತ್ತದೆ. ಈ ಸಲ ಗ್ರಾಹಕರು ಫೋನ್ ಮಾಡಿ ಹೇಳಿದ್ದು ಇಷ್ಟೇ: "ಕೆಳಗಿನ ಮೆನು ಒಳಗಿನ ಪುಟಗಳಲ್ಲಿ ಬರುತ್ತೆ, ಮೊದಲ ಪುಟದಲ್ಲಿ ಬರಲ್ಲ. ಮೂಡ್ ನೋಡ್ಕೊಂಡು ಬರುತ್ತಾ?" ಎಷ್ಟು ದಿನದಿಂದ ಹೀಗಿತ್ತೋ, ಯಾರಿಗೂ ಗೊತ್ತಿಲ್ಲ. ಯಾಕೆಂದರೆ ಅದನ್ನು ಕರೆದದ್ದು ಇನ್‌ಕ್ಲೂಡ್, ಅಂದರೆ ಬೇರೆ ಫೈಲನ್ನು ಪುಟದೊಳಗೆ ಎಳೆದು ತರುವ ಪಿಎಚ್‌ಪಿ ಆಜ್ಞೆ. ಇನ್‌ಕ್ಲೂಡ್‌ಗೆ ದಾಕ್ಷಿಣ್ಯ ಜಾಸ್ತಿ. ಫೈಲ್ ಸಿಗದಿದ್ದರೆ ಒಂದು ವಾರ್ನಿಂಗ್ ಗೊಣಗಿ ಮುಂದಕ್ಕೆ ಹೋಗಿಬಿಡುತ್ತದೆ. ಅದೇ ಕೆಲಸ ಮಾಡುವ ರಿಕ್ವೈರ್ ಆಗಿದ್ದರೆ ಫೇಟಲ್ ಎರರ್ ಅಂತ ಅಲ್ಲೇ ಧರಣಿ ಕೂರುತ್ತಿತ್ತು, ಮೊದಲ ದಿನವೇ ಗೊತ್ತಾಗುತ್ತಿತ್ತು. ಲೈವ್ ಸರ್ವರ್‌ನಲ್ಲಿ ಡಿಸ್‌ಪ್ಲೇ ಎರರ್ಸ್ ಆಫ್ ಇರುವುದರಿಂದ ಆ ಗೊಣಗಾಟವೂ ಪರದೆಗೆ ಬರುವುದಿಲ್ಲ. ಆಫ್ ಮಾಡಲೇಬೇಕು ಬಿಡಿ, ಇಲ್ಲದಿದ್ದರೆ ನಮ್ಮ ಫೋಲ್ಡರ್‌ಗಳ ವಿಳಾಸ ಲೋಕಕ್ಕೆಲ್ಲ ಗೊತ್ತಾಗುತ್ತದೆ. ಇನ್ನು ಕೆಲವು ಮಹಾನುಭಾವರು ಇನ್‌ಕ್ಲೂಡ್‌ಗೆ ಮೊದಲು ಒಂದು @ ಹಾಕಿ ಲಾಗ್‌ನ ಬಾಯಿಯನ್ನೂ ಮುಚ್ಚಿಸಿರುತ್ತಾರೆ. ಅಂಥವರ ಬಗ್ಗೆ ಇಲ್ಲಿ ಬರೆದರೆ ಭಾಷೆ ಕೆಡುತ್ತದೆ.

ರೋಗ ಹೊಸದೇನಲ್ಲ. ಮೊದಲ ಪುಟ ಫೂಟರನ್ನು, ಅಂದರೆ ಪುಟದ ಕೆಳಭಾಗದ ಫೈಲನ್ನು, ಕರೆಯುತ್ತದೆ. ಫೂಟರ್ ತನ್ನ ಫೋಲ್ಡರ್‌ನಿಂದ ಒಂದು ಮೆಟ್ಟಿಲು ಮೇಲೆ ಹತ್ತಿ, ಲಿಬ್ ಫೋಲ್ಡರ್‌ಗೆ ಇಳಿದು ಮೆನುವನ್ನು ಕರೆಯಲು ನೋಡುತ್ತದೆ. ಆದರೆ ../ (ಒಂದು ಮೆಟ್ಟಿಲು ಮೇಲೆ) ಅಂತ ಶುರುವಾಗುವ ದಾರಿಯನ್ನು ಪಿಎಚ್‌ಪಿ ಫೂಟರ್ ಇರುವ ಜಾಗದಿಂದ ಲೆಕ್ಕ ಹಾಕುವುದಿಲ್ಲ. ಬ್ರೌಸರ್ ಮೊದಲು ಕೇಳಿದ ಪುಟ ಎಲ್ಲಿದೆಯೋ ಅಲ್ಲಿಂದ ಹಾಕುತ್ತದೆ. 'ಪಕ್ಕದ ಮನೆಯಲ್ಲಿ ಕೇಳಿ' ಅಂತ ಚೀಟಿ ಬರೆದು ಕಳಿಸಿದ ಹಾಗೆ ಇದು. ಯಾರ ಪಕ್ಕದ ಮನೆ? ಬರೆದವರದ್ದೋ, ಚೀಟಿ ಹಿಡಿದು ನಿಂತವರದ್ದೋ? ಒಳಗಿನ ಪುಟಗಳು ಒಂದು ಫೋಲ್ಡರ್ ಒಳಗಿದ್ದವು, ಅಲ್ಲಿಂದ ಒಂದು ಮೆಟ್ಟಿಲು ಹತ್ತಿದರೆ ಲಿಬ್ ಸಿಗುತ್ತಿತ್ತು. ಮೊದಲ ಪುಟದಿಂದ ಹತ್ತಿದರೆ ವೆಬ್‌ಸೈಟಿನಿಂದಲೇ ಆಚೆ.

ಇಷ್ಟೇ ಆಗಿದ್ದರೆ ನಾನು ಸುಮ್ನೆ ಸರಿ ಮಾಡಿ ಚಹಾ ಕುಡಿಯಲು ಹೋಗುತ್ತಿದ್ದೆ. ಆದರೆ ಆ ಫೂಟರ್ ನಮ್ಮ ಸರ್ ಬರೆದದ್ದು.

ಸರ್ ಒಳ್ಳೆಯವರು, ಅನುಭವಸ್ಥರು. ಪಾಥ್, ಅಂದರೆ ಫೈಲಿನ ದಾರಿ, ತಪ್ಪಿದರೆ ಅವರ ಬಳಿ ಒಂದೇ ಮದ್ದು. "ಇನ್ನೊಂದು ಡಾಟ್ ಡಾಟ್ ಸ್ಲ್ಯಾಶ್ ಹಾಕಿ ನೋಡಮ್ಮ." ಫೋಲ್ಡರ್ ತೆರೆದು ನೋಡುವುದಿಲ್ಲ, ಎಷ್ಟು ಮೆಟ್ಟಿಲು ಅಂತ ಎಣಿಸುವುದಿಲ್ಲ. ಹಾಕುವುದು, ರಿಫ್ರೆಶ್ ಒತ್ತುವುದು. ಬರಲಿಲ್ವಾ? ಇನ್ನೊಂದು. ಬಂತಾ? "ನೋಡಿದ್ಯಾ, ಹೇಳಿದ್ನಲ್ಲ." ಈ ಸಲವೂ ಹಾಗೇ ಮಾಡಿದರು. ಒಂದು ../ ತೆಗೆದರೆ ಮೊದಲ ಪುಟದಲ್ಲಿ ಮೆನು ಬಂತು, ಒಳಗಿನ ಪುಟಗಳಲ್ಲಿ ಹೋಯಿತು. ಮತ್ತೆ ಹಾಕಿದರೆ ಉಲ್ಟಾ. ಹಾಕಿದರು, ತೆಗೆದರು, ಹಾಕಿದರು. ನಾನು ಹಿಂದೆ ನಿಂತು "ಸರ್, ಒಂದು ನಿಮಿಷ" ಅನ್ನುತ್ತಲೇ ಇದ್ದೆ. ಆ ಒಂದು ನಿಮಿಷ ಅವರು ನನಗೆ ಕೊಡಲೇ ಇಲ್ಲ.

ಆಮೇಲೆ ಮುಖ ಬೆಳಗಿತು. ಎಂಟೋ ಒಂಬತ್ತೋ ../ ಸಾಲಾಗಿ ಪೇಸ್ಟ್ ಮಾಡಿದರು. ಅದರ ಮುಂದೆ ಸರ್ವರ್‌ನ ರೂಟ್‌ನಿಂದ, ಅಂದರೆ ಎಲ್ಲಕ್ಕಿಂತ ಮೇಲಿನ ಫೋಲ್ಡರ್‌ನಿಂದ, ಶುರುಮಾಡಿ ಮೆನು ಫೈಲ್ ತನಕದ ಪೂರ್ತಿ ವಿಳಾಸ ಬರೆದರು. ರಿಫ್ರೆಶ್. ಎಲ್ಲ ಪುಟದಲ್ಲೂ ಮೆನು ಬಂತು!

ನನ್ನ ಹೊಟ್ಟೆ ಉರಿದದ್ದು ಇಲ್ಲಿ. ಕೆಲಸ ಆಗದಿದ್ದರೆ ಪಾಠ ಹೇಳಬಹುದಿತ್ತು, ಆಗಿಬಿಟ್ಟಿತಲ್ಲ. ನಮ್ಮ ಸರ್ವರ್ ಓಡುವ ಲಿನಕ್ಸ್‌ನಲ್ಲಿ ರೂಟ್‌ಗಿಂತ ಮೇಲೆ ಏನೂ ಇಲ್ಲ. ರೂಟ್ ತಲುಪಿದ ಮೇಲೆ ಇನ್ನೂ ಹತ್ತಲು ಹೋದರೆ 'ಇಲ್ಲೇ ಇರು' ಅಂತ ರೂಟ್‌ನಲ್ಲೇ ಇರಿಸಿಕೊಳ್ಳುತ್ತದೆ, ಬೈಯುವುದೂ ಇಲ್ಲ. ಹಾಗಾಗಿ ಎಲ್ಲಿಂದ ಹೊರಟರೂ ಸರ್ ಅವರ ದಾರಿ ಮೊದಲು ಮಾಳಿಗೆಗೆ ಹೋಗಿ ತಲೆ ಬಡಿದುಕೊಂಡು, ಅಲ್ಲಿಂದ ಇಳಿದು ಬರುತ್ತದೆ.

"ಸರ್, ರೂಟ್‌ಗೇ ಹೋಗಬೇಕು ಅಂದ್ರೆ ಮೊದಲಿಗೆ ಒಂದು ಸ್ಲ್ಯಾಶ್ ಹಾಕಿದ್ರೆ ಸಾಕಲ್ವಾ? ಈ ಡಾಟ್‌ಗಳೆಲ್ಲ ಯಾಕೆ?"

"ಹಾಗೆ ಹಾಕಿದ್ರೆ ಆಬ್ಸಲ್ಯೂಟ್ ಪಾಥ್ ಆಗುತ್ತಮ್ಮ. ಆಬ್ಸಲ್ಯೂಟ್ ಹಾಕಬಾರದು, ಸರ್ವರ್ ಬದಲಾದ್ರೆ ಕೆಡುತ್ತೆ ಅಂತ ನೀನೇ ಹೇಳಿದ್ದೆಯಲ್ಲ. ಇದು ರಿಲೇಟಿವ್."

ಆಬ್ಸಲ್ಯೂಟ್ ಅಂದರೆ ರೂಟ್‌ನಿಂದ ಬರೆದ ದಾರಿ, ರಿಲೇಟಿವ್ ಅಂದರೆ ನಿಂತ ಜಾಗದಿಂದ ಬರೆದ ದಾರಿ. ಇದಕ್ಕೆ ಏನು ಹೇಳುತ್ತೀರಿ? ನಾನು ಕುರ್ಚಿಗೆ ಬಂದು ಕೂತು ಒಂದು ಲೋಟ ನೀರು ಕುಡಿದೆ.

ಸರ್ ಒಬ್ಬರನ್ನೇ ಬೈದು ಪ್ರಯೋಜನವಿಲ್ಲ, ಈ ದಾರಿಗಳ ವಿಷಯವೇ ಹಾಗೆ. ಎಚ್‌ಟಿಎಂಎಲ್ ಲಿಂಕ್‌ನಲ್ಲಿ ಮೊದಲಿಗೆ ಸ್ಲ್ಯಾಶ್ ಇದ್ದರೆ ವೆಬ್‌ಸೈಟಿನ ಬಾಗಿಲು ಅಂತ ಅರ್ಥ. ಅದನ್ನೇ ಇನ್‌ಕ್ಲೂಡ್‌ಗೆ ಕೊಟ್ಟರೆ ಇಡೀ ಡಿಸ್ಕಿನ ಬಾಗಿಲು. ವಿಂಡೋಸ್‌ನಲ್ಲಿ ಫೂಟರ್‌ನ ಎಫ್ ದೊಡ್ಡದೋ ಚಿಕ್ಕದೋ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ, ಲಿನಕ್ಸ್ ಸರ್ವರ್‌ಗೆ ಅವೆರಡೂ ಬೇರೆ ಬೇರೆ ಫೈಲ್. ಬ್ರೌಸರ್‌ನಲ್ಲಿ ಚೆನ್ನಾಗಿ ಓಡುವ ಸ್ಕ್ರಿಪ್ಟನ್ನು ರಾತ್ರಿ ಓಡಲಿ ಅಂತ, ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ಗೆ ಹಾಕಿದರೆ, ಅದು ಹೋಮ್ ಡೈರೆಕ್ಟರಿಯಲ್ಲಿ ನಿಂತು ../ ಹುಡುಕುತ್ತದೆ. 'ಪರ್ಮಿಷನ್ ಡಿನೈಡ್' ಬಂದರೆ ನನಗೆ ಖುಷಿಯೇ ಆಗುತ್ತದೆ. ಅದಾದರೂ ಫೈಲ್ ಇದೆ, ಒಳಗೆ ಬಿಡಲ್ಲ ಅಂತ ನೇರವಾಗಿ ಹೇಳುತ್ತದೆ.

ಒಂದು ಕಾಲದಲ್ಲಿ ಎಲ್ಲವೂ ಒಂದೇ ಫೋಲ್ಡರ್‌ನಲ್ಲಿ ಇರುತ್ತಿದ್ದವು. ಪುಟಗಳು, ಚಿತ್ರಗಳು, ಹೆಡರ್, ಫೂಟರ್, ಎಲ್ಲ ಒಟ್ಟಿಗೆ. ಹೆಸರು ಹಿಡಿದು ಕರೆದರೆ ಬಂದುಬಿಡುತ್ತಿದ್ದವು. ಸರ್ವರ್‌ಗೆ ಫೈಲ್ ಸಾಗಿಸುವ ಎಫ್‌ಟಿಪಿಯಲ್ಲಿ ಎಳೆದು ಬಿಟ್ಟರೆ ಸೈಟ್ ರೆಡಿ. ನೋಡಲು ಗಲೀಜು, ಯಾರಾದರೂ ಕಲಿತವರು ನೋಡಿದರೆ ನಗುತ್ತಿದ್ದರು. ಆಮೇಲೆ ನಾವೂ ಕಲಿತವರಾದೆವು. ಅಚ್ಚುಕಟ್ಟಾಗಿರಲಿ ಅಂತ ಫೋಲ್ಡರ್ ಮಾಡಿದೆವು, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಈಗ ಯಾವುದು ಎಲ್ಲಿದೆ ಅಂತ ಮಾಡಿದವರಿಗೇ ಗೊತ್ತಿಲ್ಲ. ಮಾಡಿದವರಲ್ಲಿ ಅರ್ಧ ಜನ ಕೆಲಸ ಬಿಟ್ಟು ಹೋಗಿದ್ದಾರೆ. ಅವರು ಬರೆದ ಕಾಮೆಂಟ್‌ಗಳು ಮಾತ್ರ ಅಲ್ಲಲ್ಲೇ ಇವೆ: 'ಇದನ್ನು ಆಮೇಲೆ ಸರಿ ಮಾಡಬೇಕು'.

ಹೋಗಲಿ. ಸರ್ ಅವರ 'ರಿಲೇಟಿವ್' ಪಾಥ್‌ಗೆ ಬಹಳ ಕಾಲ ಆಯಸ್ಸು ಇರಲಿಲ್ಲ. ವಾರಾಂತ್ಯದಲ್ಲಿ ಸೈಟನ್ನು ಹೊಸ ಸರ್ವರ್‌ಗೆ ಸಾಗಿಸಿದರು, ಅಲ್ಲಿ ಫೋಲ್ಡರ್ ಹೆಸರು ಬೇರೆ. ಎಂಟೋ ಒಂಬತ್ತೋ ../ ಹತ್ತಿ ರೂಟ್‌ಗೆ ಹೋದ ಪಿಎಚ್‌ಪಿ, ಇಳಿಯಲು ಹಳೆಯ ದಾರಿಯೇ ಇಲ್ಲದೆ ಎಲ್ಲ ಪುಟದಲ್ಲೂ ಮೆನು ಬಿಟ್ಟು ಬಂತು. ಈ ಸಲ ಸರ್ ತಾವಾಗಿಯೇ ನನಗೆ ಆ ಒಂದು ನಿಮಿಷ ಕೊಟ್ಟರು.

ಅವರ ಪಕ್ಕ ಕೂತು ಎಲ್ಲ ಹೇಳಿದೆ. ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್, ನಡುವೆ ದೊಡ್ಡಕ್ಷರದಲ್ಲಿ ಡಿಐಆರ್. ಅದನ್ನು ಬರೆದ ಫೈಲ್ ಯಾವ ಫೋಲ್ಡರ್‌ನಲ್ಲಿದೆ ಅಂತ ಅದು ಹೇಳುತ್ತದೆ, ಯಾರು ಕರೆದರೂ ಸರಿ, ಕ್ರಾನ್ ಕರೆದರೂ ಸರಿ. ಅದರ ಮುಂದೆ ಸ್ಲ್ಯಾಶ್ ಹಾಕಿ, ಅಲ್ಲಿಂದ ಎಷ್ಟು ಮೆಟ್ಟಿಲು ಬೇಕೋ ಅಷ್ಟು ಎಣಿಸಿದರೆ ಸಾಕು. "ಇದು ಯಾವಾಗ ಬಂತಮ್ಮ?" ಅಂದರು. ಪಿಎಚ್‌ಪಿ 5.3ರಲ್ಲಿ ಸರ್, 2009ರಲ್ಲಿ, ಅಂದೆ. "ಓ, ಹೊಸದು" ಅಂದರು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು, ಎರಡು ಸಲ ಗೆರೆ ಎಳೆದರು. ಇನ್ನು ಈ ಕಾಟ ಮುಗಿಯಿತು ಅಂದುಕೊಂಡೆ.

ಇವತ್ತು ಬೆಳಿಗ್ಗೆ ಅವರು ಬರೆದ ಹೊಸ ಸೈಡ್‌ಬಾರ್ ತೆರೆದು ನೋಡಿದೆ. ಮೊದಲಿಗೆ ನಾನು ಹೇಳಿಕೊಟ್ಟ ಡಿಐಆರ್, ಅಂಡರ್‌ಸ್ಕೋರ್ ಸಮೇತ, ಚೂರೂ ತಪ್ಪಿಲ್ಲ. ಅದರ ಮುಂದೆ /../../../../../../../../../ ಅಂತ ಸಾಲು. ಅದರ ಮುಂದೆ ಹೊಸ ಸರ್ವರ್‌ನ ಪೂರ್ತಿ ವಿಳಾಸ. ಮೇಲೆ ಒಂದು ಕಾಮೆಂಟ್ ಬೇರೆ: 'ಮೇಡಂ ಹೇಳಿದ ಪ್ರಕಾರ'.